ಓದುಗರ ಪ್ರಶ್ನೆ: ಕೆರೆಗಳು ನಕ್ಷೆಯಲ್ಲಿ ಜಾಗ ತಪ್ಪಿದ್ದೇಕೆ?

ಪ್ರಶ್ನೆ: ಮುಳಬಾಗಿಲು ತಾಲ್ಲೂಕಿನ ಕೆರೆಗಳ ಬಗ್ಗೆ ಕಿರುಪ್ರಬಂಧ ಬರೆಯಲು ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶವನ್ನು ಕಲಿಯುತ್ತಿದ್ದೇನೆ. ಉಪಗ್ರಹ ಚಿತ್ರದ ಮೇಲೆ ನಾನೇ ಗುರುತಿಸಿದ ಕೆರೆಯೊಂದು ಸುಮಾರು 10 ಹೆಕ್ಟೇರ್ ಇರಬೇಕು, ಆದರೆ ಲೆಕ್ಕ ಹಾಕಿದರೆ 0.0000083 ಎಂದು ಬರುತ್ತದೆ. ಹಿರಿಯ ವಿದ್ಯಾರ್ಥಿಯೊಬ್ಬರು ಕೊಟ್ಟ ಕೆರೆಗಳ ಶೇಪ್‌ಫೈಲ್‌ಗೆ (ನಕ್ಷೆಯ ಆಕೃತಿಗಳ ಕಡತಕ್ಕೆ) ತರಗತಿಯ ಟಿಪ್ಪಣಿಯಲ್ಲಿದ್ದಂತೆ ಯುಟಿಎಂ ಎಂಬ ಅಳತೆ ಪದ್ಧತಿಯ ವಲಯ 43 ಎಂದು ಕೊಟ್ಟೆ. ಕೆರೆಗಳೆಲ್ಲ ಅರಬ್ಬಿ ಸಮುದ್ರದಲ್ಲಿ ಕಾಣಿಸಿಕೊಂಡವು. ಎಲ್ಲಿ ತಪ್ಪಾಗಿದೆ?
— ಎಂ.ಎ. ಭೂಗೋಳಶಾಸ್ತ್ರ ವಿದ್ಯಾರ್ಥಿನಿ, ಕೋಲಾರ

ಉತ್ತರ: ನಿಮ್ಮ ಎರಡೂ ತೊಂದರೆಗಳ ಬೇರು ಒಂದೇ. ಕಂಪ್ಯೂಟರಿಗೆ ಕೆರೆ ಎಂದರೆ ಅಂಚಿನ ಬಿಂದುಗಳ ಸಂಖ್ಯೆಗಳು ಮಾತ್ರ. ಆ ಸಂಖ್ಯೆಗಳು ಡಿಗ್ರಿಯಲ್ಲಿವೆಯೇ ಮೀಟರಿನಲ್ಲಿವೆಯೇ, ಮೀಟರಿನಲ್ಲಿದ್ದರೆ ಎಲ್ಲಿಂದ ಅಳೆದವು ಎಂಬುದನ್ನು ನಾವು ಹೇಳದ ಹೊರತು ಅದಕ್ಕೆ ತಿಳಿಯುವ ದಾರಿಯಿಲ್ಲ.

ಮೊದಲಿಗೆ ವಿಸ್ತೀರ್ಣದ ವಿಷಯ. ನೀವು ಗುರುತಿಸಿದ ಪದರ (ಲೇಯರ್) ಡಬ್ಲ್ಯುಜಿಎಸ್ 84 ಎಂಬ ಜಾಗತಿಕ ಪದ್ಧತಿಯ ಅಕ್ಷಾಂಶ–ರೇಖಾಂಶಗಳಲ್ಲಿದೆ. ಆದ್ದರಿಂದ ಉತ್ತರ ಚದರ ಡಿಗ್ರಿಯಲ್ಲಿ ಬಂದಿದೆ, ಮತ್ತು ನಿಮ್ಮ ಅಕ್ಷಾಂಶದಲ್ಲಿ 0.0000083 ಚದರ ಡಿಗ್ರಿ ಎಂದರೆ ಹೆಚ್ಚುಕಡಿಮೆ 10 ಹೆಕ್ಟೇರೇ. ಕೆರೆಯನ್ನು ನೀವು ಸರಿಯಾಗಿಯೇ ಗುರುತಿಸಿದ್ದೀರಿ, ಅಳತೆಯ ಮಾನ ಮಾತ್ರ ಕೆಲಸಕ್ಕೆ ಬಾರದ್ದು. ಪದರವನ್ನು ಮೀಟರಿನ ಪ್ರಕ್ಷೇಪಕ್ಕೆ (ಗುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ತರುವ ಪದ್ಧತಿಗೆ) ಪರಿವರ್ತಿಸಿಕೊಂಡು ಲೆಕ್ಕ ಹಾಕಿ. ಹಿನ್ನೆಲೆಗೆ ಬಳಸುವ ಜಾಲನಕ್ಷೆಗಳ ಮರ್ಕೇಟರ್ ಪ್ರಕ್ಷೇಪವೂ ಮೀಟರಿನಲ್ಲೇ ಇರುವುದರಿಂದ ಅನೇಕ ವಿದ್ಯಾರ್ಥಿಗಳು ಅದರಲ್ಲೇ ವಿಸ್ತೀರ್ಣ ಅಳೆದುಬಿಡುತ್ತಾರೆ. ಆ ಪ್ರಕ್ಷೇಪ ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ಹಿಗ್ಗುತ್ತದೆ. 15 ಡಿಗ್ರಿ ಉತ್ತರದಲ್ಲಿ ಪ್ರತಿ ಹೊಲವೂ ಪ್ರತಿ ಕೆರೆಯೂ ಇರುವುದಕ್ಕಿಂತ ಶೇಕಡಾ 7ರಷ್ಟು ದೊಡ್ಡದಾಗಿ ಲೆಕ್ಕಕ್ಕೆ ಬರುತ್ತದೆ. ಉತ್ತರ ನೋಡಲು ಸಹಜವಾಗಿರುವುದರಿಂದ ಈ ತಪ್ಪು ಯಾರ ಕಣ್ಣಿಗೂ ಬೀಳದೆ ಪ್ರಬಂಧದ ಕೊನೆಯವರೆಗೂ ಉಳಿದುಹೋಗುತ್ತದೆ.

ಇನ್ನು ಸಮುದ್ರಕ್ಕೆ ಹೋದ ಕೆರೆಗಳು. ಯುಟಿಎಂ ಪದ್ಧತಿ ಭೂಮಿಯನ್ನು 6 ಡಿಗ್ರಿ ಅಗಲದ 60 ವಲಯಗಳಾಗಿ ವಿಂಗಡಿಸುತ್ತದೆ. 72ರಿಂದ 78 ಡಿಗ್ರಿ ಪೂರ್ವದವರೆಗೆ 43ನೆಯ ವಲಯ, ಅಲ್ಲಿಂದ 84ರವರೆಗೆ 44ನೆಯ ವಲಯ. ಕರ್ನಾಟಕದ ಬಹುಭಾಗ 43ರಲ್ಲಿರುವುದರಿಂದ ನಿಮ್ಮ ಟಿಪ್ಪಣಿಯಲ್ಲಿ ಹಾಗೆ ಬರೆದಿರಬೇಕು. ಆದರೆ 78ನೆಯ ರೇಖಾಂಶ ಹಾದುಹೋಗುವುದು ನಿಮ್ಮ ಜಿಲ್ಲೆಯ ನಡುವೆಯೇ: ಮಾಲೂರು ಪಟ್ಟಣ 43ರಲ್ಲಿದೆ, ಕೋಲಾರ, ಬಂಗಾರಪೇಟೆ, ಶ್ರೀನಿವಾಸಪುರ, ಮುಳಬಾಗಿಲು 44ರಲ್ಲಿವೆ. ನಿಮಗೆ ಬಂದ ಶೇಪ್‌ಫೈಲ್ 44ನೆಯ ವಲಯದ ಮೀಟರುಗಳಲ್ಲಿ ತಯಾರಾದದ್ದು. ಅದೇ ಸಂಖ್ಯೆಗಳನ್ನು 43ರವು ಎಂದು ಹೇಳಿದಾಗ ಎಲ್ಲವೂ 6 ಡಿಗ್ರಿ, ಅಂದರೆ ಸುಮಾರು 650 ಕಿಲೋಮೀಟರ್ ಪಶ್ಚಿಮಕ್ಕೆ ಸರಿದು ಲಕ್ಷದ್ವೀಪಕ್ಕೆ ಉತ್ತರದ ಕಡಲಿಗೆ ಬೀಳುತ್ತವೆ. ಪದರದ ಪ್ರಕ್ಷೇಪವನ್ನು 44ನೆಯ ವಲಯದ ಸಂಕೇತವಾದ ಇಪಿಎಸ್‌ಜಿ 32644 ಎಂದು ತಿದ್ದಿದರೆ ಸ್ವಸ್ಥಾನಕ್ಕೆ ಮರಳುತ್ತವೆ.

ಇಲ್ಲಿ ಎರಡು ಕ್ರಿಯೆಗಳನ್ನು ಬೇರೆಬೇರೆಯಾಗಿ ತಿಳಿದುಕೊಳ್ಳಲೇಬೇಕು. ಪದರಕ್ಕೆ ಪ್ರಕ್ಷೇಪವನ್ನು ನಿಗದಿಪಡಿಸುವುದೆಂದರೆ 'ಈ ಸಂಖ್ಯೆಗಳು ಇಂಥ ಪದ್ಧತಿಯವು' ಎಂದು ಹೇಳುವುದಷ್ಟೇ. ಅದರಿಂದ ಸಂಖ್ಯೆಗಳು ಬದಲಾಗುವುದಿಲ್ಲ. ಪರಿವರ್ತಿಸಿದಾಗ, ಅಂದರೆ ರಿಪ್ರೊಜೆಕ್ಟ್ ಮಾಡಿದಾಗ, ಸಂಖ್ಯೆಗಳೇ ಹೊಸ ಪದ್ಧತಿಗೆ ಲೆಕ್ಕವಾಗಿ ಹೊಸ ಪದರ ಹುಟ್ಟುತ್ತದೆ. ಮುಳಬಾಗಿಲಿನ ಪದರವನ್ನು ಕ್ರಮವಾಗಿ 43ಕ್ಕೆ ಪರಿವರ್ತಿಸಿದ್ದರೆ ವಿಸ್ತೀರ್ಣದಲ್ಲಿ ಶೇಕಡಾ ಅರ್ಧದಷ್ಟೂ ವ್ಯತ್ಯಾಸ ಬರುತ್ತಿರಲಿಲ್ಲ. ಹೀಗಾಗಿ ಇಡೀ ಕೋಲಾರ ಜಿಲ್ಲೆಯ ನಕ್ಷೆಗೆ ಯಾವುದಾದರೂ ಒಂದೇ ವಲಯವನ್ನು ಆರಿಸಿಕೊಳ್ಳುವುದರಲ್ಲಿ ದೋಷವಿಲ್ಲ. ತಪ್ಪು ಹೆಸರು ಕೊಡುವುದೇ ದೋಷ. ಆ ಶೇಪ್‌ಫೈಲ್ ನಿಮ್ಮ ಕೈಸೇರುವಾಗ ಪ್ರಕ್ಷೇಪದ ವಿವರವಿರುವ ಪಿಆರ್‌ಜೆ ಕಡತ ಬಿಟ್ಟುಹೋಗಿರಬೇಕು. ಶೇಪ್‌ಫೈಲ್ ಎಂಬುದು ಹಲವು ಕಡತಗಳ ಗುಂಪು, ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವಾಗ ಒಂದೆರಡು ಉಳಿದುಬಿಡುವುದು ತೀರ ಸಾಮಾನ್ಯ. ನಿಮ್ಮ ಕೆಲಸವನ್ನು ಜಿಯೋಪ್ಯಾಕೇಜ್ ರೂಪದಲ್ಲಿ ಉಳಿಸಿಕೊಂಡರೆ ಎಲ್ಲವೂ ಒಂದೇ ಕಡತದಲ್ಲಿರುತ್ತದೆ.

ಇಷ್ಟು ಸರಿಹೋದ ಮೇಲೆ ಇದಕ್ಕಿಂತ ದೊಡ್ಡ ಪ್ರಶ್ನೆಯೊಂದು ಉಳಿಯುತ್ತದೆ, ನಿಮ್ಮ ಪ್ರಬಂಧದ ತೂಕ ಇರುವುದು ಅಲ್ಲಿಯೇ ಎಂದು ನನ್ನ ನಂಬಿಕೆ: ನೀವು ಯಾವುದನ್ನು ಕೆರೆಯ ಅಂಚು ಎಂದು ಎಳೆದಿರಿ? ನವೆಂಬರಿನಲ್ಲಿ ನೀರು ನಿಂತಷ್ಟು ಜಾಗವನ್ನೋ, ಏಪ್ರಿಲ್‌ನಲ್ಲಿ ಉಳಿದಷ್ಟನ್ನೋ, ಏರಿಯಿಂದ ಹಿಡಿದು ಕೆರೆ ಅಂಗಳದ ಕೊನೆಯವರೆಗೋ, ಅಥವಾ ಗ್ರಾಮ ನಕ್ಷೆಯಲ್ಲಿ ಕೆರೆಯ ಸರ್ವೆ ನಂಬರಿಗೆ ಇರುವ ಗಡಿಯನ್ನೋ? ಈ ನಾಲ್ಕೂ ಬೇರೆಬೇರೆ ಆಕೃತಿಗಳು. ಬಯಲುಸೀಮೆಯ ಕೆರೆಗಳಲ್ಲಿ ಇವುಗಳ ನಡುವಿನ ಅಂತರವೇ ಒತ್ತುವರಿಯ, ಹೂಳಿನ, ಮಳೆಯ ಕಥೆಯನ್ನು ಹೇಳುತ್ತದೆ. ಅಂಗಳದಲ್ಲಿ ಜಾಲಿ ಬೆಳೆದ ಕೆರೆ ಉಪಗ್ರಹ ಚಿತ್ರದಲ್ಲಿ ಕುರುಚಲು ಕಾಡಿನಂತೆಯೇ ಕಾಣುತ್ತದೆ; ಏರಿ, ತೂಬು, ಕೋಡಿಗಳನ್ನು ನಡೆದು ನೋಡಿದವರು ಮಾತ್ರ ಅದು ಕೆರೆಯೆಂದು ಹೇಳಬಲ್ಲರು.

ನೀರಿನ ಹರವಿಗೆ ಸೆಂಟಿನೆಲ್–2 ಉಪಗ್ರಹಗಳ ಚಿತ್ರಗಳನ್ನು ಬಳಸಿ. ಇವು 2015ರಿಂದ ಉಚಿತವಾಗಿ ಸಿಗುತ್ತಿವೆ. ಹಸಿರು ಬೆಳಕಿನ ಪಟ್ಟಿಯಿಂದ (ಬ್ಯಾಂಡ್) ಸಮೀಪ–ಅವಕೆಂಪು ಬೆಳಕಿನ ಪಟ್ಟಿಯನ್ನು ಕಳೆದು, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಿದರೆ ನೀರಿನ ಸೂಚ್ಯಂಕ ಸಿಗುತ್ತದೆ. ನೀರು ಅವಕೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ ನೀರಿರುವಲ್ಲಿ ಸೂಚ್ಯಂಕದ ಬೆಲೆ ಸಾಮಾನ್ಯವಾಗಿ ಸೊನ್ನೆಗಿಂತ ಮೇಲಿರುತ್ತದೆ. ಸೆಂಟಿನೆಲ್–2 ಚಿತ್ರದ ಒಂದು ಚೌಕ (ಪಿಕ್ಸೆಲ್) 10 ಮೀಟರ್ ಅಗಲ, ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದ್ದು 30 ಮೀಟರ್. ಅರ್ಧ ಎಕರೆಯ ಕುಂಟೆ ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಎರಡು ಚೌಕಗಳಷ್ಟಿರುತ್ತದೆ, ಆದ್ದರಿಂದ ಅಂಥ ಕುಂಟೆಗಳ ಬಗ್ಗೆ ಅದರಿಂದ ಏನನ್ನೂ ಖಚಿತವಾಗಿ ಹೇಳಬಾರದು. ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ 2018ರಿಂದ ನಿಮ್ಮ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಅದಕ್ಕೆ ಮೊದಲಿನ ಮತ್ತು ಅನಂತರದ ಬೇಸಿಗೆಗಳನ್ನು ಒಂದೇ ತಿಂಗಳ ಚಿತ್ರಗಳಿಂದ ಹೋಲಿಸಿದರೆ, ಯಾವ ಕೆರೆಗೆ ನೀರು ಬಂದಿತು, ಯಾವುದಕ್ಕೆ ಬರಲಿಲ್ಲ ಎಂಬ ನಿಜವಾದ ಪ್ರಶ್ನೆಗೆ ನಿಮ್ಮ ನಕ್ಷೆ ಉತ್ತರಿಸಬಲ್ಲದು. ಮಳೆಯ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಆ ಹೋಲಿಕೆಯನ್ನು ಮಾತ್ರ ಮಾಡಬೇಡಿ.

ಹಳೆಯ ಗಡಿಗಳಿಗೆ ಭಾರತೀಯ ಸರ್ವೇಕ್ಷಣ ಇಲಾಖೆಯ ಟೋಪೋಶೀಟ್ (ಸ್ಥಳವಿವರ ನಕ್ಷೆಯ ಹಾಳೆ) ನೋಡಿ. ಮುಳಬಾಗಿಲು ಪಟ್ಟಣ ಹಳೆಯ ಸಂಖ್ಯಾಕ್ರಮದ 57 ಕೆ/8ರಲ್ಲಿದೆ. ಹಳೆಯ ಹಾಳೆಗಳು ಎವರೆಸ್ಟ್ ದೀರ್ಘವೃತ್ತಾಭವನ್ನು, ಅಂದರೆ ಭೂಮಿಯ ಆಕಾರದ ಹಳೆಯ ಗಣಿತ ಮಾದರಿಯೊಂದನ್ನು, ಆಧರಿಸಿದವು. ಅವನ್ನು ನೇರವಾಗಿ ಡಬ್ಲ್ಯುಜಿಎಸ್ 84 ಎಂದು ಭಾವಿಸಿ ಕೂರಿಸಿದರೆ ಏರಿಯು ಪಕ್ಕದ ಹೊಲಕ್ಕೆ ಸರಿದಿರುತ್ತದೆ.

ಪ್ರಶ್ನೆ: 2011ರ ಜನಗಣತಿಯ ಅಂಕಿಗಳನ್ನು ಜಿಲ್ಲಾ ನಕ್ಷೆಗೆ ಜೋಡಿಸಿದಾಗ ಕೆಲವು ಜಿಲ್ಲೆಗಳು ಖಾಲಿ ಉಳಿಯುತ್ತವೆ. ಕನ್ನಡದ ಹೆಸರುಗಳೂ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಏನು ಮಾಡಲಿ?
— ಬಿ.ಎ. ವಿದ್ಯಾರ್ಥಿ, ಕಲಬುರಗಿ

ಉತ್ತರ: ಜನಗಣತಿಯ ಪಟ್ಟಿಯಲ್ಲಿ ನಿಮ್ಮ ಜಿಲ್ಲೆ ಗುಲ್ಬರ್ಗಾ, ಹೊಸ ನಕ್ಷೆಯಲ್ಲಿ ಕಲಬುರಗಿ. 2014ರ ನವೆಂಬರಿನಲ್ಲಿ ನಮ್ಮ ಊರುಗಳ ಹೆಸರು ಬದಲಾದುದು ಆ ಪಟ್ಟಿಗೆ ತಿಳಿದಿಲ್ಲ, ಒಂದು ಅಕ್ಷರ ವ್ಯತ್ಯಾಸವಾದರೂ ಜೋಡಣೆ ನಡೆಯುವುದಿಲ್ಲ. ಹೆಸರಿನ ಬದಲು ಜನಗಣತಿಯ ಸಂಕೇತ ಸಂಖ್ಯೆಗಳಿಂದ ಜೋಡಿಸಿ. ಇದಕ್ಕಿಂತ ಗಂಭೀರವಾದದ್ದು ವಿಜಯನಗರ ಜಿಲ್ಲೆ: 2011ರಲ್ಲಿ ಇದ್ದದ್ದು 30 ಜಿಲ್ಲೆಗಳು, ಬಳ್ಳಾರಿಯಿಂದ ವಿಜಯನಗರ ಬೇರೆಯಾದದ್ದು 2021ರಲ್ಲಿ. ಹಳೆಯ ಬಳ್ಳಾರಿಯ ಅಂಕಿಯನ್ನು ಇಂದಿನ ಚಿಕ್ಕ ಬಳ್ಳಾರಿಗೆ ಹಚ್ಚಿದರೆ ನಕ್ಷೆ ಸುಳ್ಳು ಹೇಳುತ್ತದೆ. ಒಂದೋ 2011ರ ಗಡಿಗಳನ್ನೇ ಬಳಸಿ, ಇಲ್ಲವೇ ತಾಲ್ಲೂಕುಗಳ ಅಂಕಿಗಳನ್ನು ಕೂಡಿಸಿ ಹೊಸ ಜಿಲ್ಲೆಗಳನ್ನು ಕಟ್ಟಿ. ಬಣ್ಣ ತುಂಬುವಾಗ ಜನಸಂಖ್ಯೆಯನ್ನಲ್ಲ, ಸಾಂದ್ರತೆಯನ್ನು ತೋರಿಸಿ. ಚದರ ಕಿಲೋಮೀಟರಿಗೆ ಕೊಡಗಿನಲ್ಲಿ 135 ಜನ, ಬೆಂಗಳೂರು ನಗರದಲ್ಲಿ 4,000ಕ್ಕೂ ಹೆಚ್ಚು. ಸಮಾನ ಅಂತರದ ವರ್ಗಗಳನ್ನು ಆರಿಸಿದರೆ ಬೆಂಗಳೂರೊಂದನ್ನು ಬಿಟ್ಟು ಇಡೀ ರಾಜ್ಯ ಒಂದೇ ಬಣ್ಣಕ್ಕೆ ಬರುತ್ತದೆ.

ಕನ್ನಡದ ಅಕ್ಷರಗಳು ಕೆಟ್ಟಿರುವುದು ಬಹುಶಃ ನಿಮ್ಮ ಪಟ್ಟಿಯನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿರುವುದರಿಂದ. ಅಂಥ ಕಡತದಲ್ಲಿರುವುದು ಕನ್ನಡದ ಯೂನಿಕೋಡ್ ಅಕ್ಷರಗಳಲ್ಲ, ಆ ಫಾಂಟ್ ಮಾತ್ರ ಕನ್ನಡವಾಗಿ ತೋರಿಸುವ ರೋಮನ್ ಸಂಕೇತಗಳು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಯುಟಿಎಫ್–8 ಎನ್‌ಕೋಡಿಂಗ್‌ನಲ್ಲಿ ಉಳಿಸಿ, ಲೇಬಲ್‌ಗೆ ನೋಟೊ ಸಾನ್ಸ್ ಕನ್ನಡದಂಥ ಫಾಂಟನ್ನು ಆರಿಸಿ. ಕನ್ನಡದಲ್ಲಿ ನಕ್ಷೆ ಮಾಡುವ ಶ್ರಮವನ್ನು ದಯವಿಟ್ಟು ಬಿಡಬೇಡಿ. ನೀವು ತೋರಿಸುತ್ತಿರುವ ಊರಿನವರು ಅದನ್ನು ಓದಬೇಕಲ್ಲವೇ?

ಪ್ರಶ್ನೆ: ಕಾಲೇಜಿನ ಪ್ರಯೋಗಾಲಯದಲ್ಲಿ ಆರ್ಕ್‌ಜಿಐಎಸ್ ಎಂಬ ನಕ್ಷೆ ತಂತ್ರಾಂಶ ಇದೆ, ಮನೆಯಲ್ಲಿ ಅದನ್ನು ಕೊಳ್ಳಲು ಆಗದು. ಕ್ಯೂಜಿಐಎಸ್ ಕಲಿತರೆ ಸಾಕೇ?
— ವಿದ್ಯಾರ್ಥಿ, ಹಾವೇರಿ

ಉತ್ತರ: ಸಾಕು. 2002ರಲ್ಲಿ ಆರಂಭವಾದ ಈ ಮುಕ್ತ ತಂತ್ರಾಂಶಕ್ಕೆ ಹಣ ಕೊಡಬೇಕಿಲ್ಲ, ಮೇಲಿನ ಎಲ್ಲ ಕೆಲಸಗಳನ್ನೂ ಅದರಲ್ಲಿ ಮಾಡಬಹುದು. ಪ್ರಕ್ಷೇಪ, ಜೋಡಣೆ, ವರ್ಗೀಕರಣಗಳನ್ನು ತಿಳಿದವರಿಗೆ ಇನ್ನೊಂದು ತಂತ್ರಾಂಶದ ಗುಂಡಿಗಳು ಎಲ್ಲಿವೆ ಎಂದು ಹುಡುಕಿಕೊಳ್ಳುವುದು ಕೆಲವೇ ದಿನಗಳ ಕೆಲಸ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಿಂದ ಆರಂಭಿಸಿ, ಅನಂತರ ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆಯ ಉಚಿತ ಆನ್‌ಲೈನ್ ತರಗತಿಗಳಿಗೆ ಸೇರಿಕೊಳ್ಳಿ. ಅಭ್ಯಾಸಕ್ಕೆ ನಿಮ್ಮ ಊರಿನ ರಸ್ತೆಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಇಳಿಸಿಕೊಳ್ಳಬಹುದು, ಆದರೆ ನಕ್ಷೆಯ ಅಂಚಿನಲ್ಲಿ ಅದರ ಕೊಡುಗೆದಾರರನ್ನು ಹೆಸರಿಸುವುದು ಪರವಾನಗಿಯ ಷರತ್ತು. ಅದೇ ಸಾಲಿನಲ್ಲಿ ದತ್ತಾಂಶ ಯಾವ ವರ್ಷದ್ದು, ಪ್ರಕ್ಷೇಪ ಯಾವುದು ಎಂಬುದನ್ನೂ ಬರೆಯಿರಿ.