ವೇಗವೇ ಬೇರೆ, ಅನುಪಾತವೇ ಬೇರೆ

ಮಾನ್ಯರೇ,

ಬೆಂಗಳೂರಿನ ಜನಸಂಖ್ಯೆ ‘ಎಕ್ಸ್‌ಪೊನೆನ್ಶಿಯಲ್’ ಆಗಿ ಬೆಳೆಯುತ್ತಿದೆ ಎಂಬ ಮಾತು ಭಾಷಣಗಳಲ್ಲೂ ವರದಿಗಳಲ್ಲೂ ಮೇಲಿಂದ ಮೇಲೆ ಬರುತ್ತಿರುವುದನ್ನು ಗಮನಿಸಿ, ಆ ಪದಕ್ಕೆ ‘ಬಹಳ ವೇಗವಾಗಿ’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿದೆಯೇ, ಇದ್ದರೆ ಕನ್ನಡದಲ್ಲಿ ಏನೆನ್ನಬೇಕು ಎಂದು ತಾವು ಕೇಳಿದ್ದೀರಿ.

ಅರ್ಥವಿದೆ, ಮತ್ತು ಅದು ವೇಗಕ್ಕೆ ಸಂಬಂಧಿಸಿದ್ದಲ್ಲ. ಸಮಾನ ಅವಧಿಗಳಲ್ಲಿ ಒಂದು ಮೊತ್ತ ಒಂದೇ ಅನುಪಾತದಲ್ಲಿ ಹೆಚ್ಚುತ್ತ ಹೋದರೆ ಮಾತ್ರ ಆ ಪದ ಸಲ್ಲುತ್ತದೆ. ಶೇ 7ರ ಚಕ್ರಬಡ್ಡಿಗೆ ಇಟ್ಟ ಒಂದು ಲಕ್ಷ ರೂಪಾಯಿಗೆ ಮೊದಲ ವರ್ಷ 7,000, ಎರಡನೆಯ ವರ್ಷ 7,490, ಹತ್ತನೆಯ ವರ್ಷ ಸುಮಾರು 12,870 ರೂಪಾಯಿ ಬಡ್ಡಿ ಸೇರಿ, ಒಟ್ಟು ಮೊತ್ತ 1.97 ಲಕ್ಷದ ಹತ್ತಿರ ಬರುತ್ತದೆ, ಸರಳಬಡ್ಡಿಯಾದರೆ 1.70 ಲಕ್ಷಕ್ಕೇ ನಿಲ್ಲುತ್ತದೆ. ಠೇವಣಿ ನಾಗಾಲೋಟದಲ್ಲಿ ಬೆಳೆಯಿತೆಂದು ಯಾರೂ ಹೇಳಲಾರರು, ಆದರೂ ಅದರ ಬೆಳವಣಿಗೆ ಎಕ್ಸ್‌ಪೊನೆನ್ಶಿಯಲ್ಲೇ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದಾಗ ನಮ್ಮ ಮೆಟ್ರೊ ಪ್ರಯಾಣಿಕರ ಸಂಖ್ಯೆ ಒಮ್ಮೆಲೇ ಏರಿದ್ದು ಬರೀ ಜಿಗಿತ; ವೇಗವಿದ್ದರೂ ಅದು ಎಕ್ಸ್‌ಪೊನೆನ್ಶಿಯಲ್ ಅಲ್ಲ.

ಇನ್ನು ನಗರದ ಲೆಕ್ಕ. ಜನಗಣತಿಯ ಪ್ರಕಾರ ಬೆಂಗಳೂರು ನಗರ ಸಮೂಹದ ಜನಸಂಖ್ಯೆ 1971ರಲ್ಲಿ ಸುಮಾರು 16.5 ಲಕ್ಷ, 1981ರಲ್ಲಿ 29.2 ಲಕ್ಷ, 1991ರಲ್ಲಿ 41.3 ಲಕ್ಷ, 2001ರಲ್ಲಿ 57 ಲಕ್ಷ, 2011ರಲ್ಲಿ 85 ಲಕ್ಷ. ಮೊದಲ ದಶಕದಲ್ಲಿ ಶೇ 77ರಷ್ಟಿದ್ದ ಹೆಚ್ಚಳ ಮುಂದೆ ಶೇ 41ಕ್ಕೆ, ಶೇ 38ಕ್ಕೆ ಇಳಿದು, ಮತ್ತೆ ಶೇ 49ಕ್ಕೆ ಏರಿದೆ. ಮೊದಲ ಅನುಪಾತವೇ ಉಳಿದಿದ್ದರೆ 2011ಕ್ಕೆ ನಾವು ಒಂದೂವರೆ ಕೋಟಿ ದಾಟಿರಬೇಕಿತ್ತು. ಸ್ವಾರಸ್ಯವೆಂದರೆ, ಎಪ್ಪತ್ತರ ಮತ್ತು ಎಂಬತ್ತರ ದಶಕಗಳಲ್ಲಿ ಸೇರಿದವರ ಸಂಖ್ಯೆ ಹೆಚ್ಚುಕಡಿಮೆ ಒಂದೇ, ತಲಾ 12 ಲಕ್ಷದ ಆಸುಪಾಸು; ಅದು ಸರಳಬಡ್ಡಿಯ ಬೆಳವಣಿಗೆ. (ನಗರ ಸಮೂಹದ ಎಲ್ಲೆಯೇ ಗಣತಿಯಿಂದ ಗಣತಿಗೆ ಹಿಗ್ಗಿದೆ ಎಂಬುದೂ ನೆನಪಿರಲಿ.)

ಗಣಿತದ ಪಠ್ಯಗಳ ‘ಘಾತಾಂಕ’ದಿಂದ ಬಂದ ‘ಘಾತೀಯ ಬೆಳವಣಿಗೆ’ ಶಾಸ್ತ್ರಕ್ಕೆ ಸರಿ, ಆದರೆ ಓದುಗರ ಕಿವಿಗೆ ಅದು ಆಘಾತದ ನೆಂಟನಂತೆ ಕೇಳುತ್ತದೆ. ಶಾಲೆಯಲ್ಲಿ ಗುಣೋತ್ತರ ಶ್ರೇಢಿ (2, 4, 8, 16ರಂತೆ ಪ್ರತಿ ಸಂಖ್ಯೆಯೂ ಹಿಂದಿನದರ ಅಷ್ಟೇ ಪಟ್ಟಾಗುವ ಸಾಲು) ಕಲಿತವರಿಗೆ ‘ಗುಣೋತ್ತರ ಬೆಳವಣಿಗೆ’ ಸಲೀಸು. ನನ್ನ ಆಯ್ಕೆ ಅದೇ. ಕೋವಿಡ್ ಕಾಲದಲ್ಲಿ ಕೇಳಿದ ‘ದ್ವಿಗುಣಗೊಳ್ಳುವ ಅವಧಿ’ ಇನ್ನೂ ಸುಲಭ. ನಗರದ ಜನಸಂಖ್ಯೆಗಾದರೆ ಇವೆರಡೂ ಬೇಡ; ನಾಲ್ಕು ದಶಕಗಳಲ್ಲಿ ಐದು ಪಟ್ಟಿಗೂ ಮಿಗಿಲಾಯಿತು ಎಂದು ಬರೆದರೆ ಸಾಕು.

— ಸಂಪಾದಕ