ರೂಮು ಯಾವ ದಡದಲ್ಲಿದೆ ಅಂತ ಮೊದಲು ಕೇಳಿ

ಡಿಸೆಂಬರ್ ಕೊನೆಯ ವಾರ, ವಯಸ್ಸಾದ ಅತ್ತೆ ಸೇರಿ ನಾಲ್ಕು ಜನ, ಮೂರು ರಾತ್ರಿ, ಗೋಕರ್ಣದಲ್ಲಿ ಸಮುದ್ರದ ಹತ್ತಿರ 1,500 ರೂಪಾಯಿ ಒಳಗೆ ರೂಮು ಬೇಕು. ಆಪ್‌ನಲ್ಲಿ ‘ಗೋಕರ್ಣದಿಂದ 5 ಕಿ.ಮೀ.’ ಅಂತ ಅಘನಾಶಿನಿಯ ಹೋಮ್‌ಸ್ಟೇ ಒಂದು ಅರ್ಧ ಬೆಲೆಗೆ ಕಾಣುತ್ತಿದೆ, ಬುಕ್ ಮಾಡಿಬಿಡಲೇ ಅಂತ ಕೇಳಿದ್ದೀರಿ. ಮಾಡಬೇಡಿ. 2019ರ ಡಿಸೆಂಬರಿನಲ್ಲಿ ಇದೇ ‘5 ಕಿ.ಮೀ.’ ನಂಬಿ ದುಡ್ಡು ಕಟ್ಟಿದವ ನಾನು.

ಅದೂ ಶಿರಸಿ ಕಡೆಯವ. ಘಟ್ಟದ ಕೆಳಗಿನ ಊರೆಲ್ಲ ಅಂಗೈ ಮೇಲಿದೆ ಅನ್ನೋ ಸೊಕ್ಕು ಬೇರೆ. ಗೋಕರ್ಣದಲ್ಲಿ ರೂಮಿಗೆ ದಿನಕ್ಕೆ 2,200 ಹೇಳಿದ್ದರು, ಅಘನಾಶಿನಿಯಲ್ಲಿ 900. ಮೂರು ರಾತ್ರಿಗೆ 3,900 ಉಳಿಯಿತಲ್ಲ ಅಂತ ಖುಷಿಯಾಗಿ, ಇನ್ನೂ ಸ್ವಲ್ಪ ಅಗ್ಗವಾಗಲಿ ಅಂತ ‘ರದ್ದು ಮಾಡಿದರೆ ಹಣ ವಾಪಸಿಲ್ಲ’ ಅನ್ನೋ ದರವನ್ನೇ ಆರಿಸಿಕೊಂಡೆ.

ಆಪ್ ಸುಳ್ಳು ಹೇಳಿರಲಿಲ್ಲ. ಅದು ತೋರಿಸಿದ್ದು ಕಾಗೆ ಹಾರುವ ದೂರ. ಕಾಗೆಗೆ ಸೇತುವೆ ಬೇಡ, ನಮಗೆ ಬೇಕು. ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಉತ್ತರ ದಡದಲ್ಲಿ ತದಡಿ, ದಕ್ಷಿಣ ದಡದಲ್ಲಿ ಅಘನಾಶಿನಿ ಊರು. ಗೋಕರ್ಣ ತದಡಿಯ ಕಡೆಗೆ. ಹಗಲು ತಾರಿ (ನದಿ ದಾಟಿಸುವ ದೋಣಿ) ಸಿಗುತ್ತದೆ, ದುಡ್ಡೂ ಕಡಿಮೆ, ದಾಟುವುದಕ್ಕೆ ಹೊತ್ತೂ ಬೇಡ. ಕತ್ತಲಾಯಿತೋ, ತಾರಿ ನಿಂತಿತು. ಆಮೇಲೆ ಆಚೆ ದಡಕ್ಕೆ ಹೋಗಬೇಕೆಂದರೆ ಗೋಕರ್ಣದಿಂದ ಮಾದನಗೇರಿಗೆ ಬಂದು, ಹೆದ್ದಾರಿ 66 ಹಿಡಿದು, ಮಿರ್ಜಾನ ದಾಟಿ, ದೀವಗಿಯಲ್ಲಿ ನದಿ ದಾಟಿ, ಕುಮಟಾ ಊರೊಳಗೆ ಹೋಗಿ, ಅಲ್ಲಿಂದ ಮತ್ತೆ ಸಮುದ್ರದ ಕಡೆ ತಿರುಗಬೇಕು. ಐದು ಕಿಲೋಮೀಟರಿನ ಜಾಗಕ್ಕೆ ನಲವತ್ತರ ಆಸುಪಾಸು ಸುತ್ತು.

ಇದಕ್ಕೆ ಇನ್ನೊಂದು ತಪ್ಪನ್ನೂ ಜೋಡಿಸಿಕೊಂಡಿದ್ದೆ. ಬೆಂಗಳೂರಿನಿಂದ ಕಾರವಾರದ ರೈಲಿಗೆ ‘ಗೋಕರ್ಣ ರೋಡ್’ ತನಕ ಟಿಕೆಟು. ಮಂಗಳೂರು ಕಡೆಯಿಂದ ಬರುವ ಆ ರೈಲು ಮೊದಲು ಕುಮಟಾದಲ್ಲಿ ನಿಲ್ಲುತ್ತದೆ. ನನ್ನ ರೂಮಿಗೆ ಹತ್ತಿರದ ಸ್ಟೇಷನ್ ಅದೇ. ಬೆಳಿಗ್ಗೆ ಕುಮಟಾ ಬಂದಾಗ ಕಿಟಕಿಯಿಂದ ನೋಡಿ, ‘ಮುಂದಿನದು ನಮ್ಮದು’ ಅಂತ ಮಗನಿಗೆ ಹೇಳಿದೆ. ಗೋಕರ್ಣ ರೋಡಿನಲ್ಲಿ ಇಳಿದು ರಿಕ್ಷಾದವನಿಗೆ ಅಘನಾಶಿನಿ ಅಂದರೆ ಅವ ಒಂದು ಕ್ಷಣ ನನ್ನನ್ನೂ ಸಾಮಾನನ್ನೂ ನೋಡಿ, ‘ಅದು ಆಚೆ ದಡ ಅಲ್ರಾ’ ಅಂದ. ತದಡಿ ತನಕ 500 ಕೊಟ್ಟೆವು. ಬ್ಯಾಗು ಹೊತ್ತು ದೋಣಿ ಹತ್ತಿದೆವು. ಅಮ್ಮನನ್ನು ಇಬ್ಬರು ಕೈ ಹಿಡಿದು ಇಳಿಸಿದರು.

ಆಗಲೇ ದೋಣಿಯವನ ಹತ್ತಿರ ‘ಕೊನೆ ತಾರಿ ಎಷ್ಟೊತ್ತಿಗೆ?’ ಅಂತ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಸಂಜೆ ಗೋಕರ್ಣದ ಕುಡ್ಲೆ ಬೀಚಿನಲ್ಲಿ ಸೂರ್ಯ ಮುಳುಗುವುದನ್ನು ಪೂರ್ತಿ ನೋಡಿ ತದಡಿಗೆ ಬಂದರೆ ದಕ್ಕೆಯಲ್ಲಿ ಜನವೇ ಇಲ್ಲ. ಟ್ಯಾಕ್ಸಿಗೆ 1,800. ಮರುದಿನ ಬೆಳಿಗ್ಗೆ ಅಮ್ಮನಿಗೆ ಮಹಾಬಲೇಶ್ವರನ ದರ್ಶನ ಬೇಗ ಆಗಬೇಕಿತ್ತು, ಆ ಹೊತ್ತಿಗೆ ತಾರಿ ಶುರುವಾಗಿರುವುದಿಲ್ಲ. ಹೋಗಿ ಬರುವುದಕ್ಕೆ, ಅಲ್ಲಿ ಕಾಯುವುದಕ್ಕೆ ಸೇರಿ 2,500. ಮೂರನೇ ರಾತ್ರಿ ಸೋತು ಗೋಕರ್ಣದ ರಥಬೀದಿ ಹತ್ತಿರವೇ 2,200ಕ್ಕೆ ರೂಮು ಮಾಡಿದೆ. ಆಚೆಯ 900 ಹೋಯಿತು. ಲೆಕ್ಕ ಹಾಕಿ: 2,700 + 500 + 1,800 + 2,500 + 2,200 = 9,700. ಮೊದಲೇ ಗೋಕರ್ಣದಲ್ಲಿ ಇದ್ದಿದ್ದರೆ 6,600 ಮತ್ತು ಸ್ಟೇಷನ್ನಿನಿಂದ ರಿಕ್ಷಾ.

ಹೋಮ್‌ಸ್ಟೇಯವರದ್ದು ಏನೂ ತಪ್ಪಿಲ್ಲ. ಬಂಗುಡೆ ಸಾರು ಇವತ್ತಿಗೂ ನೆನಪಿದೆ. ನದಿಯ ಆ ದಡ ಗೋಕರ್ಣಕ್ಕಿಂತ ಚೆಂದ ಅಂತಲೇ ನನ್ನ ಅಭಿಪ್ರಾಯ. ಆದರೆ ಅಲ್ಲಿ ಉಳಿಯುವವ ಅಲ್ಲಿಯೇ ಇರಬೇಕು. ಹಗಲೆಲ್ಲ ಗೋಕರ್ಣದಲ್ಲಿ ಕಳೆದು ವಸ್ತಿಗೆ ಮಾತ್ರ ಆಚೆ ಹೋಗುವುದು ಮೂರ್ಖತನ.

ಈಗ ನಿಮ್ಮ ಪ್ರಶ್ನೆಗೆ. ‘ಸಮುದ್ರದ ಹತ್ತಿರ’ ಅನ್ನೋ ಷರತ್ತನ್ನೇ ಬಿಡಿ. ಗೋಕರ್ಣದಲ್ಲಿ ಒಂದು ಬೀಚಿಗೂ ಇನ್ನೊಂದಕ್ಕೂ ನಡುವೆ ಕಲ್ಲುಗುಡ್ಡ. ಕುಡ್ಲೆಯ ಕಾಟೇಜುಗಳಿಗೆ ಸಾಮಾನು ಹೊತ್ತು ಇಳಿಯಬೇಕು. ಓಂ ಬೀಚಿಗೆ ರಸ್ತೆ ಮೇಲೇ ನಿಲ್ಲುತ್ತದೆ, ಅಲ್ಲಿಂದ ಮೆಟ್ಟಿಲು. ಹಾಫ್ ಮೂನ್, ಪ್ಯಾರಡೈಸ್‌ಗೆ ಕಾಲುದಾರಿ ಅಥವಾ ದೋಣಿ ಬಿಟ್ಟರೆ ದಾರಿಯಿಲ್ಲ. ‘ಬೀಚಿಗೆ 500 ಮೀಟರ್’ ಅಂದರೆ ಗುಡ್ಡ ಹತ್ತಿ ಇಳಿಯುವ 500 ಮೀಟರೋ ಏನೋ ಫೋಟೋದಲ್ಲಿ ಗೊತ್ತಾಗುವುದಿಲ್ಲ. ಅತ್ತೆಯವರಿಗೆ ಮಂಡಿ ನೋವು ಅಂತ ನೀವೇ ಬರೆದಿದ್ದೀರಿ. ಅವರಿಗೆ ಆಗುವುದು ದೇವಸ್ಥಾನದ ಎದುರಿನ ದೊಡ್ಡ ಬೀಚು ಮಾತ್ರ. ರಥಬೀದಿಯಿಂದ ಸಪಾಟಾಗಿ ನಡೆದುಹೋಗಬಹುದು.

ಬೆಳಗಿನ ಮೊದಲ ಕೆಲಸ ಯಾವ ದಡದಲ್ಲಿದೆಯೋ ಆ ದಡದಲ್ಲೇ ಮಲಗಿ. ಅಗ್ಗ ಅನ್ನುವುದು ಆಮೇಲಿನ ಮಾತು. ದೇವಸ್ಥಾನದ ಬೆಳಗಿನ ಪೂಜೆ ಅಥವಾ ಪಿತೃಕಾರ್ಯ ಇದ್ದರೆ ಒಂದು ರಾತ್ರಿ ಮಾತ್ರ ಗೋಕರ್ಣದಲ್ಲಿ, ರಥಬೀದಿ ಅಥವಾ ಕೋಟಿತೀರ್ಥ ಕೊಳದ ಸುತ್ತಿನ ಭಟ್ಟರ ಮನೆಗಳಲ್ಲಿ ಖೋಲಿ ಕೇಳಿ. ಕಾರ್ಯಕ್ಕೆ ಬರುವವರಿಗಾಗಿ ಇಟ್ಟಿರುವ ಖೋಲಿಗಳು. ಹೆಚ್ಚಿನವು ಆಪ್‌ನಲ್ಲಿ ಕಾಣುವುದೇ ಇಲ್ಲ. ಮೀನು, ಮದ್ಯ ನಡೆಯುವುದಿಲ್ಲ, ರಾತ್ರಿ ಬೇಗ ಬಾಗಿಲು ಹಾಕುತ್ತಾರೆ. ಇದನ್ನು ಒಪ್ಪಿದರೆ ಆ ಊರಿನಲ್ಲಿ ಅದಕ್ಕಿಂತ ಅನುಕೂಲದ ಜಾಗ ಇಲ್ಲ.

ಉಳಿದ ಎರಡು ರಾತ್ರಿಗೆ ಕುಮಟಾ. ಬಸ್ ಸ್ಟ್ಯಾಂಡಿನ ಸುತ್ತಿನ ಲಾಡ್ಜುಗಳಿಗೆ ಚೆಂದದ ಫೋಟೋ ಇಲ್ಲ, ಹೆಸರಿನಲ್ಲಿ ‘ಸೀ ವ್ಯೂ’ ಇಲ್ಲ, ಹಾಗಾಗಿ ಡಿಸೆಂಬರಿನಲ್ಲೂ ದರ ಗೋಕರ್ಣದ ಹಾಗೆ ಹಾರುವುದಿಲ್ಲ. ಗೋಕರ್ಣಕ್ಕೆ ವಾಯವ್ಯ ಸಾರಿಗೆ ಬಸ್ಸು, ಹೆಚ್ಚುಕಡಿಮೆ ಒಂದು ತಾಸು. 2023ರ ಜೂನಿನಿಂದ ಶಕ್ತಿ ಯೋಜನೆ ಇರುವುದರಿಂದ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ನಾಲ್ವರಲ್ಲಿ ಇಬ್ಬರು ಹೆಂಗಸರಾದರೆ ಓಡಾಟದ ಖರ್ಚು ಅರ್ಧ. ಇಳಿದ ತಕ್ಷಣ ಗೋಕರ್ಣ ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ವಾಪಸಿನ ಕೊನೆ ಬಸ್ಸು ಕೇಳಿಟ್ಟುಕೊಳ್ಳಿ (ನಾನು ಕಲಿತ ಪಾಠ). ತಪ್ಪಿಹೋದರೆ ರಿಕ್ಷಾದಲ್ಲಿ ಮಾದನಗೇರಿ ಕ್ರಾಸಿಗೆ ಬನ್ನಿ. ಅಂಕೋಲಾ ಕಡೆಯಿಂದ ಕುಮಟಾಕ್ಕೆ ಹೋಗುವ ಬಸ್ಸುಗಳು ಅಲ್ಲೇ ಹಾಯುತ್ತವೆ. ಸಮುದ್ರ ಬೇಕೆಂದರೆ ಕುಮಟಾದ್ದೇ ವನ್ನಳ್ಳಿ ಇದೆ, ಸ್ವಲ್ಪ ದೂರಕ್ಕೆ ಬಾಡ, ಧಾರೇಶ್ವರ. ಡಿಸೆಂಬರಿನಲ್ಲೂ ಕಾಲಿಡಲು ಜಾಗ ಇರುತ್ತದೆ.

ಹುಬ್ಬಳ್ಳಿ ಕಡೆಯಿಂದ ಅರಬೈಲು ಘಟ್ಟ ಇಳಿದು ಬರುವವರಾದರೆ ಕುಮಟಾ ಬದಲು ಅಂಕೋಲಾ ಮಾಡಿ. ಹೆದ್ದಾರಿಯಲ್ಲೇ ಗಂಗಾವಳಿ ನದಿಗೆ ಸೇತುವೆ ಇದೆ, ಅಡ್ಡಸುತ್ತು ಬರುವುದಿಲ್ಲ. ‘ಶಿರಸಿಯಲ್ಲಿ ಅಗ್ಗ, ಅಲ್ಲಿ ಉಳಿದು ದಿನಾ ಬೀಚಿಗೆ ಹೋಗಿ’ ಅಂತ ಯಾರೋ ಹೇಳಿದರಂತೆ. ಶಿರಸಿಯವನಾಗಿ ಹೇಳುತ್ತೇನೆ, ಬೇಡ. ಕುಮಟಾಕ್ಕೆ 60 ಕಿ.ಮೀ., ನಡುವೆ ದೇವಿಮನೆ ಘಟ್ಟ, ತಿರುವಿಗೆ ತಿರುವು. ದಿನಾ ಹತ್ತಿ ಇಳಿದರೆ ಅತ್ತೆಯವರಿಗೆ ನೆನಪಿರುವುದು ವಾಂತಿ ಮಾತ್ರ. ಯಾಣ, ಸಹಸ್ರಲಿಂಗ ನೋಡುವುದಿದ್ದರೆ ಶಿರಸಿ ಸರಿ. ಅದೂ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರ ಬಿಟ್ಟು.

ಈ ನದಿ ಲೆಕ್ಕ ಗೋಕರ್ಣಕ್ಕೆ ಮಾತ್ರ ಅಲ್ಲ. ಕಾರವಾರದಲ್ಲಿ ಟಾಗೋರ್ ಬೀಚಿನಿಂದ ನೋಡಿದರೆ ದೇವಬಾಗ ಎದುರಿಗೇ. ನಡುವೆ ಕಾಳಿ. ರಸ್ತೆಯಲ್ಲಿ ಹೋಗುವುದಾದರೆ ಸದಾಶಿವಗಡದ ಸೇತುವೆ ದಾಟಿ ಸುತ್ತಿ ಬರಬೇಕು. 2024ರ ಆಗಸ್ಟ್ 6ರ ನಡುರಾತ್ರಿ ಕಳೆದ ಮೇಲೆ ಅಲ್ಲಿನ ಹಳೇ ಸೇತುವೆ ಕುಸಿದದ್ದು ಗೊತ್ತಿರಬೇಕು. ಕಾರವಾರದಲ್ಲಿ ಉಳಿಯುವವರು ಊರೊಳಗಿನ ಲಾಡ್ಜೇ ನೋಡಲಿ, ಬೀಚು ಊರಿಗೆ ಅಂಟಿಕೊಂಡೇ ಇದೆ. ಹೊನ್ನಾವರದಲ್ಲಿ ಈ ತೊಂದರೆ ಕಡಿಮೆ. ಶರಾವತಿ ಸೇತುವೆ ಊರ ಬಾಗಿಲಲ್ಲೇ, ದಾಟಿದರೆ ಕಾಸರಕೋಡು.

ಬುಕ್ ಮಾಡುವ ಮೊದಲು ಮ್ಯಾಪಿನಲ್ಲಿ ರೂಮಿನಿಂದ ದೇವಸ್ಥಾನಕ್ಕೆ ಕಾರಿನ ದಾರಿ ಹಾಕಿ. ಆಯ್ಕೆಗಳಲ್ಲಿ ‘ಫೆರಿ ತಪ್ಪಿಸಿ’ ಅಂತ ಇರುತ್ತದೆ, ಅದನ್ನು ಒತ್ತಲೇಬೇಕು. ಇಲ್ಲದಿದ್ದರೆ ಮ್ಯಾಪು ನಿಮ್ಮನ್ನು ದೋಣಿ ಹತ್ತಿಸಿಯೇ ದೂರ ಹೇಳಬಹುದು. ಒತ್ತಿದ ಮೇಲೆ 5 ಇದ್ದದ್ದು 40 ಆಯಿತೋ, ಆ ರೂಮು ಆಚೆ ದಡದ್ದು.

ಆಮೇಲೆ ಫೋನು. ಆಪ್‌ಗಳು ಮಾಲೀಕರಿಂದ ಶೇಕಡಾ 15ರಿಂದ 25ರ ತನಕ ಕಮಿಷನ್ ಹಿಡಿಯುತ್ತವೆ, ನೇರ ಮಾತಾಡಿದರೆ ಅದರಲ್ಲಿ ಸ್ವಲ್ಪ ನಿಮಗೂ ಬಿಡುತ್ತಾರೆ. ತೆರಿಗೆಯೂ ಹಾಗೆ. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿ ತನಕದ ಖೋಲಿಗೆ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿದಿದೆ. ನೋಂದಣಿ ಬೇಕಿಲ್ಲದಷ್ಟು ಸಣ್ಣ ಮನೆಯವರು ನೇರ ಕೊಟ್ಟರೆ ಅದೂ ಇಲ್ಲ. ಅದೇ ಮನೆಯನ್ನು ಆಪ್ ಮೂಲಕ ತಗೊಂಡರೆ ಆಪ್‌ನವರು ಸೇರಿಸುತ್ತಾರೆ.

ಫೋನಿನಲ್ಲಿ ‘ಬೀಚು ಎಷ್ಟು ದೂರ’ ಅಂತ ಕೇಳಬೇಡಿ, ಎಲ್ಲರೂ ‘ಇಲ್ಲೇ’ ಅನ್ನುತ್ತಾರೆ. ರಿಕ್ಷಾ ಬಾಗಿಲ ತನಕ ಬರುತ್ತದೋ, ಮೆಟ್ಟಿಲು ಎಷ್ಟು, ನಾಲ್ಕನೆಯವರಿಗೆ ಗಾದಿ ಪುಕ್ಕಟೆಯೋ ಬೇರೆ ದುಡ್ಡೋ, ಬಿಸಿನೀರು ಸೋಲಾರಿನದ್ದಾದರೆ ಬೆಳಿಗ್ಗೆ ಐದಕ್ಕೆ ಬರುತ್ತದೋ ಅಂತ ಕೇಳಿ. ಚೆಕ್‌ಇನ್ ಹೊತ್ತು ಮರೆಯಬೇಡಿ. ರಾತ್ರಿ ರೈಲು ಬೆಳಿಗ್ಗೆ ಇಳಿಸುತ್ತದೆ, ರೆಸಾರ್ಟಿನವರು ಮಧ್ಯಾಹ್ನದ ತನಕ ಬಾಗಿಲು ತೆಗೆಯುವುದಿಲ್ಲ. ಹಳೇ ಲಾಡ್ಜುಗಳಲ್ಲಿ ಇನ್ನೂ 24 ತಾಸಿನ ಪದ್ಧತಿ ಇದೆ: ಬೆಳಿಗ್ಗೆ ಒಂಬತ್ತಕ್ಕೆ ಹೊಕ್ಕರೆ ಮರುದಿನ ಒಂಬತ್ತಕ್ಕೆ ಬಿಡುವುದು. ರೈಲಿನಲ್ಲಿ ಬರುವವರಿಗೆ ಇದೊಂದರಿಂದಲೇ ಅರ್ಧ ದಿನದ ಬಾಡಿಗೆ ಉಳಿಯುತ್ತದೆ.

ಮುಂಗಡ ಒಂದು ರಾತ್ರಿಯದ್ದು ಸಾಕು, ಮೂರರದ್ದೂ ಹಾಕಬೇಡಿ. ಹಾಕುವ ಮೊದಲು ವಿಡಿಯೋ ಕಾಲಿನಲ್ಲಿ ಖೋಲಿ, ಬಚ್ಚಲು, ಹೊರಗಿನ ಬೋರ್ಡು ತೋರಿಸಲು ಹೇಳಿ. ನಿಜವಾದ ಲಾಡ್ಜಿನ ಹೆಸರಿಗೆ ಬೇರೆ ಫೋನ್ ನಂಬರ್ ಅಂಟಿಸಿ ದುಡ್ಡು ಹೊಡೆಯುವವರು ಇದ್ದಾರೆ. ಯುಪಿಐನಲ್ಲಿ ಬರುವ ಹೆಸರು ಯಾರದ್ದು ಅಂತ ಕೇಳಿದಾಗ ತಡಬಡಿಸಿದರೆ ಅಲ್ಲಿಗೇ ಬಿಡಿ.

ದಿನ ಬದಲಾಯಿಸಲು ಸಾಧ್ಯವೇ ಇಲ್ಲವೇ? ಡಿಸೆಂಬರ್ 20ರಿಂದ ಜನವರಿ 2ರ ತನಕ ಗೋಕರ್ಣದಲ್ಲಿ 1,500ಕ್ಕೆ ಮರ್ಯಾದೆಯ ರೂಮು ಹುಡುಕುವುದು ಹಟ. ಸಂಕ್ರಾಂತಿ ಕಳೆದ ಮೇಲೆ, ಶಿವರಾತ್ರಿಯ ಜನ ಬರುವ ಮೊದಲು, ಸೋಮವಾರದಿಂದ ಗುರುವಾರದೊಳಗೆ ಬನ್ನಿ. ಆಗ ಅದೇ ಭಟ್ಟರು, ಅದೇ ಲಾಡ್ಜಿನವರು ಚೌಕಾಶಿಗೆ ಸಿಗುತ್ತಾರೆ, ಹವೆಯೂ ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಇನ್ನೂ ಅಗ್ಗ ಹೌದು, ಆದರೆ ನೀರಿಗೆ ಇಳಿಯುವ ಹಾಗಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದನ್ನು ನೋಡಿದ ಮೇಲೆ ಜುಲೈನಲ್ಲಿ ವಯಸ್ಸಾದವರನ್ನು ಕರೆದುಕೊಂಡು ಬನ್ನಿ ಅಂತ ನಾನಂತೂ ಹೇಳಲಾರೆ.

ಡಿಸೆಂಬರೇ ಗಟ್ಟಿಯಾದರೆ ಟಿಕೆಟು ಕುಮಟಾಕ್ಕೆ ತೆಗೆಸಿ, ಗೋಕರ್ಣ ರೋಡಿಗೆ ಬೇಡ. ಮೊದಲೆರಡು ರಾತ್ರಿ ಕುಮಟಾ, ಕೊನೆಯದು ಭಟ್ಟರ ಮನೆ. ವಾಪಸ್ ರೈಲು ಮಾತ್ರ ಗೋಕರ್ಣ ರೋಡಿನಿಂದ. ಸ್ಟೇಷನ್ ಊರಿನಿಂದ 10 ಕಿ.ಮೀ. ಹತ್ತಿರ ಇದೆ, ರಿಕ್ಷಾಕ್ಕೆ ಹಿಂದಿನ ದಿನವೇ ಹೇಳಿಡಿ. ಗಂಡಸರಿಗೆ ಒಂದೊಂದು ಪಂಚೆ ಬ್ಯಾಗಿನ ಮೇಲುಗಡೆಯೇ ಇರಲಿ. ಗರ್ಭಗುಡಿ ಹತ್ತಿರ ಅಂಗಿ ತೆಗೆದು ಪಂಚೆಯಲ್ಲೇ ಹೋಗಬೇಕು.