ಬಹುಮಾನ ಕಂಪ್ಯೂಟರ್‌ಗೋ, ಕಲಿಕೆಗೋ?

ಪ್ರಶ್ನೆ: ನನ್ನ ಮಗಳ ಶಾಲೆಯಲ್ಲಿ 15 ಕಂಪ್ಯೂಟರ್ ಇವೆ. ಅವುಗಳ ಪ್ಲಾಸ್ಟಿಕ್ ಕವರ್ ತೆಗೆಯುವುದು ಯಾರಾದರೂ ನೋಡಲು ಬಂದಾಗ ಮಾತ್ರ. ಆದರೂ ‘ಉತ್ತಮ ಕಂಪ್ಯೂಟರ್ ಬಳಕೆ’ ಅಂತ ಶಾಲೆಗೆ ಬಹುಮಾನ ಬಂತು. ಇಂಥ ಬಹುಮಾನ ಏನು ನೋಡಿ ಕೊಡಬೇಕು?

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ಎಷ್ಟು ಕಂಪ್ಯೂಟರ್ ಇವೆ ಅಂತಲ್ಲ, ಮಗುವಿಗೆ ಏನು ಕಷ್ಟ ಇತ್ತು, ಅದು ಕಳೆಯಿತಾ ಅಂತ ನೋಡಬೇಕು. ನನಗೆ ಥಟ್ಟನೆ ನೆನಪಾಗುವುದು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯ ಪರಿತೇವಾಡಿಯ ರಣಜಿತ್‌ಸಿಂಹ ಡಿಸಲೆ ಮೇಷ್ಟ್ರು. 2009ರಲ್ಲಿ ಅವರು ಹೋದಾಗ ಶಾಲೆ ಇದ್ದದ್ದು ದನದ ಕೊಟ್ಟಿಗೆ ಪಕ್ಕದ ಹಾಳುಬಿದ್ದ ಕಟ್ಟಡದಲ್ಲಿ. ಅಲ್ಲಿನ ಮಕ್ಕಳ ಮಾತು ಕನ್ನಡ, ಪುಸ್ತಕ ಬೇರೆ ಭಾಷೆಯದು. ಮೇಷ್ಟ್ರು ಕನ್ನಡ ಕಲಿತರು, ಪಾಠಗಳನ್ನು ಕನ್ನಡಕ್ಕೆ ತಂದರು, ಪುಸ್ತಕಕ್ಕೆ ಕ್ಯೂಆರ್ ಕೋಡ್ ಸೇರಿಸಿದರು. ಅದಕ್ಕೆ ಫೋನ್ ಹಿಡಿದರೆ ಸಾಕು, ಪದ್ಯ ಕೇಳಬಹುದು, ವಿಡಿಯೊ ಪಾಠ ನೋಡಬಹುದು, ಕಥೆ ಓದಬಹುದು. ಲ್ಯಾಬ್ ಬೇಕಾಗಲೇ ಇಲ್ಲ ಅಲ್ವಾ? ಆಮೇಲೆ ಮಹಾರಾಷ್ಟ್ರ ಸರ್ಕಾರವೂ ಪಠ್ಯಪುಸ್ತಕಗಳಿಗೆ ಕ್ಯೂಆರ್ ಕೋಡ್ ತಂದಿತು. 2020ರಲ್ಲಿ ಅವರಿಗೆ 10 ಲಕ್ಷ ಡಾಲರ್‌ನ ಗ್ಲೋಬಲ್ ಟೀಚರ್ ಪ್ರೈಜ್ ಸಿಕ್ಕಿತು. ಅದರಲ್ಲಿ ಅರ್ಧವನ್ನು ಕೊನೆಯ ಸುತ್ತಿನ ಉಳಿದ 9 ಶಿಕ್ಷಕರಿಗೆ ಹಂಚುವುದಾಗಿ ಹೇಳಿದರು. ಎಂಥ ದೊಡ್ಡ ಮನಸ್ಸು!

ನೀವು ಸುಮ್ನೆ ಕೂರಬೇಡಿ. ಮುಂದಿನ ಪೋಷಕರ ಸಭೆಯಲ್ಲಿ ಲ್ಯಾಬಿನ ವೇಳಾಪಟ್ಟಿ ಕೇಳಿ. ಮಗಳು ವಾರಕ್ಕೆ ಎಷ್ಟು ಹೊತ್ತು ಕೀಬೋರ್ಡ್ ಮುಟ್ಟುತ್ತಾಳೆ ಅಂತಲೂ ಕೇಳಿ.